ಅಜ್ಜಿಯ ಮೊಣಕಾಲು ಮತ್ತು ಮಾಮಿಯ ಹರಕೆ

'ಅವಳಿಗೆ ದೇವರೇ ನಾಲ್ಕು ಮಕ್ಕಳಿಗೆ ನಿಲ್ಲಿಸಿದ.' ನನ್ನ ಸೆವ್ರಿನ್ ಮಾಮಿಯ ಬಗ್ಗೆ ನಮ್ಮೂರು ಬೋಳಾರದಲ್ಲಿ ಎಲ್ಲರೂ ಹೇಳುವ ಕಥೆ ಇದು. ನನ್ನ ತಕರಾರು ಉಂಟು. ದೇವರ ಮೇಲೆ ನನಗೆ ವೈಯಕ್ತಿಕ ದ್ವೇಷ ಏನೂ ಇಲ್ಲ, ನಾವಿಬ್ಬರೂ ಒಬ್ಬರನ್ನೊಬ್ಬರು ಅವರವರ ಪಾಡಿಗೆ ಬಿಟ್ಟು ಬಹಳ ಕಾಲವಾಯಿತು. ಆದರೆ ಒಬ್ಬ ಹೆಂಗಸು ತಲೆ ಓಡಿಸಿ, ಸೊಂಟ ನೋಯಿಸಿಕೊಂಡು ಸಾಧಿಸಿದ್ದನ್ನು ಒಯ್ದು ಆಕಾಶದ ಖಾತೆಗೆ ಜಮಾ ಮಾಡುವುದನ್ನು ಕಂಡರೆ ನನಗೆ ಡಿಬೇಟಿನ ಹಾಗೆ ಎದ್ದು ನಿಂತು 'ಅಧ್ಯಕ್ಷರೇ' ಎನ್ನಬೇಕೆನಿಸುತ್ತದೆ.

ಮೊನ್ನೆ ಹಾಗೇ ಅನ್ನಿಸಿತು. ಉಡುಪಿಯಿಂದ ರಜೆಗೆ ಬಂದವಳು ಬಸ್ಸಿಳಿದು ಮನೆಯ ದಾರಿ ಹಿಡಿದಿದ್ದೆ. ಮೂಲೆಯ ಗೋಡೆಯ ಹತ್ತಿರ ಹಸಿ ಬಣ್ಣದ, ಟರ್ಪೆಂಟೈನಿನ ವಾಸನೆ. ಒಬ್ಬ ಪೇಂಟರ್ ಏಣಿ ಹತ್ತಿ ಹಳದಿಯ ಮೇಲೆ ಕುಟುಂಬ ಯೋಜನೆಯ ತಲೆಕೆಳಗಾದ ಕೆಂಪು ತ್ರಿಕೋನ ಬಿಡಿಸುತ್ತಿದ್ದ. ಕೆಳಗೆ ನಮ್ಮ ನೆರೆಯ ನತಾಲ್ ಬಾಯಿ, ಸರಕಾರದ ಪರವಾಗಿ ಮೇಲ್ವಿಚಾರಣೆ ಮಾಡುವವರ ಹಾಗೆ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ನೋಡಿದಿಯಾ, ಎಷ್ಟು ಹೆರಬೇಕು ಅಂತ ಇನ್ನು ಗೋಡೆ ಹೇಳ್ತದೆ. ನಿನ್ನ ಮಾಮಿಗೆ ಈ ಗೋಡೆ ಬೇಕಾಯ್ತಾ? ಆಸ್ಪತ್ರೆಯಲ್ಲಿ ಹಾಕುವ ಆ ಲೂಪು ಬೇಕಾಯ್ತಾ? ಭಕ್ತಿ ಒಂದೇ ಸಾಕಾಯ್ತು."

ಏಣಿಯ ಮೇಲಿನಿಂದ ಪೇಂಟರ್ ಕೇಳಿದ: "ಆ ಭಕ್ತಿ ಎಂತ ಬಣ್ಣದ್ದು ಬಾಯಮ್ಮ? ಹೇಳಿ, ಅದನ್ನೂ ಬಳಿದುಬಿಡುವಾ."

ಅದರ ಬಣ್ಣ ನನಗೆ ಗೊತ್ತುಂಟು. ಚಾಪೆಯ ಬಣ್ಣ. ಆದರೆ ಅದನ್ನು ಹೇಳಬೇಕಾದರೆ ಮನೆಯಿಂದ ಶುರುಮಾಡಬೇಕು.

ಅದು ನನ್ನ ತಾಯಿಯ ತವರು. ನನ್ನ ಅಪ್ಪನ ನೌಕರಿ ಊರೂರು ತಿರುಗುವಂಥದ್ದು. ಹಾಗಾಗಿ ನನ್ನನ್ನು ಶಾಲೆಗೆಂದು ಅಲ್ಲಿ ಬಿಟ್ಟಿದ್ದರು. ಮನೆಯ ಯಜಮಾನತಿ ಅಜ್ಜಿ. ಕೊಂಕಣಿಯಲ್ಲಿ ನಾವು 'ವಡ್ಲಿಮಾಂಯ್' ಎನ್ನುತ್ತೇವೆ, ಆದರೆ ಅದಕ್ಕೆ ಕನ್ನಡದ ಪ್ರತ್ಯಯ ಅಂಟಿಸಲು ಹೋದರೆ ನಾಲಿಗೆ ಉಳುಕುತ್ತದೆ. ಅಜ್ಜಿ ಎಂದೇ ಇರಲಿ. ಅಜ್ಜಿಯ ಒಬ್ಬನೇ ಮಗ ಮಾರ್ಸೆಲ್ ಮಾಮ, ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಮಾತು ಕಡಿಮೆ. ಎಷ್ಟು ಕಡಿಮೆಯೆಂದರೆ, ಉಪ್ಪು ಬೇಕಾದರೆ ಉಪ್ಪಿನ ಭರಣಿಯ ಕಡೆ ನೋಡುತ್ತಿದ್ದರು, ಯಾರಾದರೂ ತಂದುಕೊಡುವ ತನಕ ನೋಡುತ್ತಲೇ ಇರುತ್ತಿದ್ದರು. ಅವರ ಹೆಂಡತಿ ಸೆವ್ರಿನ್ ಮಾಮಿ. ಮದುವೆಗೆ ಮೊದಲು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಅಕ್ಕಿ ಆರಿಸುವಾಗಲೂ ಮೊರವನ್ನು ಸ್ಲೇಟಿನ ಹಾಗೆ ಓರೆಯಾಗಿ ಹಿಡಿಯುತ್ತಿದ್ದಳು.

ನಾನು ಆಗಷ್ಟೇ ಶಾಲೆಯ ಡಿಬೇಟಿಗೆ ಸೇರಿದ್ದೆ. ವಿಷಯಕ್ಕೂ ಆಧಾರಕ್ಕೂ ವ್ಯತ್ಯಾಸ ಉಂಟು ಎಂದು ಕಲಿಸಿಕೊಟ್ಟಿದ್ದರು. ಹೊಸ ಕತ್ತಿ ಸಿಕ್ಕಿದವರು ಬಾಳೆಗಿಡ ಹುಡುಕಿಕೊಂಡು ಹೋಗುತ್ತಾರಲ್ಲ, ನಾನು ಹಾಗೆ ಮನೆಯವರ ಮಾತುಗಳನ್ನು ಹುಡುಕಿಕೊಂಡು ಹೋಗುತ್ತಿದ್ದೆ. "ಇವತ್ತು ಬಂಗುಡೆ ತಾಜಾ ಉಂಟು" ಎಂದು ಅಜ್ಜಿ ಹೇಳಿದರೆ "ಆಧಾರ?" ಎನ್ನುತ್ತಿದ್ದೆ. "ಇವಳನ್ನು ಮದುವೆಯಾಗುವವನು ಮೊದಲು ಲಾಯರನ್ನು ಕರಕೊಂಡು ಬರಬೇಕು" ಎಂದು ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಮಾಮಿ ಬಂದ ಮೇಲೆ ಮಕ್ಕಳು ಒಂದರ ಹಿಂದೆ ಒಂದು ಬಂದವು. ಮೂರು ಹುಡುಗಿಯರು, ನಡುವೆ ಟೈಟಸ್ ಎಂಬ ಒಬ್ಬ ಹುಡುಗ. ಕೊನೆಯವಳು ಲಿಲ್ಲಿ. ಲಿಲ್ಲಿ ಹುಟ್ಟುವಾಗ ಮಾಮಿಯ ಮೈಯ ರಕ್ತವೆಲ್ಲ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳ ಬಣ್ಣ ಅಕ್ಕಿ ತೊಳೆದ ನೀರಿನ ಹಾಗಿತ್ತು. ಹೆರಿಗೆ ಮಾಡಿಸಿದ ಲೇಡಿ ಡಾಕ್ಟರು ಅಜ್ಜಿಯನ್ನೂ ಮಾಮನನ್ನೂ ನಿಲ್ಲಿಸಿ ಹೇಳಿದ್ದರಂತೆ: "ಇನ್ನೊಂದು ಹೆರಿಗೆಗೆ ಇವಳನ್ನು ನನ್ನ ಹತ್ತಿರ ತರಬೇಡಿ. ಸೀದಾ ಇಗರ್ಜಿಯ ಹಿಂದೆ, ಚರ್ಚಿನ ಸಮಾಧಿಗಳು ಉಂಟಲ್ಲ, ಅಲ್ಲಿಗೇ ಕರಕೊಂಡು ಹೋಗಿ. ಒಂದು ರಿಕ್ಷಾ ಖರ್ಚು ಉಳೀತದೆ."

"ಡಾಕ್ಟರುಗಳು ಹೇಳುವುದೇ ಹಾಗೆ. ನಾನು ಡಾಕ್ಟರೇ ಇಲ್ಲದೆ ಒಂಬತ್ತು ಹೆತ್ತಿದ್ದೇನೆ" ಎಂದು ಅಜ್ಜಿ ಮನೆಗೆ ಬಂದು ಹೇಳಿದಳು. ಅದರಲ್ಲಿ ಉಳಿದದ್ದು ಎಷ್ಟು ಎಂದು ನಾನು ಕೇಳಲಿಲ್ಲ. ಆ ವಯಸ್ಸಿನ ನನಗೂ ಕೆಲವು ಆಧಾರಗಳನ್ನು ಕೇಳಬಾರದು ಎಂದು ಗೊತ್ತಿತ್ತು.

ಅಜ್ಜಿಗೆ ಇನ್ನೊಬ್ಬ ಮೊಮ್ಮಗ ಬೇಕೇ ಬೇಕಿತ್ತು. ದುರಾಸೆಗಲ್ಲ, ದೇವರಿಗೆ ಕೊಡಲಿಕ್ಕೆ. ನಮ್ಮಲ್ಲಿ ಮನೆಗೊಬ್ಬ ಮಗನನ್ನು ಸೆಮಿನರಿಗೆ ಕಳುಹಿಸಿ ಪಾದ್ರಿ ಮಾಡಿಸುವುದೆಂದರೆ ಹಿರಿಯರಿಗೆ ಸ್ವರ್ಗದಲ್ಲಿ ಮುಂದಿನ ಸಾಲಿನ ಕುರ್ಚಿ ಸಿಕ್ಕಿದ ಹಾಗೆ. ಟೈಟಸನನ್ನು ಕೊಟ್ಟರೆ ವಂಶ ಮುಂದುವರಿಸುವುದು ಯಾರು? ಆದ್ದರಿಂದ ಒಬ್ಬ ಮನೆಗೆ, ಒಬ್ಬ ಇಗರ್ಜಿಗೆ. ಬಾಣಂತಿ ಇನ್ನೂ ಗೋಡೆ ಹಿಡಿದು ನಡೆಯುತ್ತಿರುವಾಗಲೇ ಅಜ್ಜಿ "ಮುಂದಿನದು ಗಂಡೇ" ಎಂದು ಹೇಳತೊಡಗಿದ್ದಳು.

ಆಗ ಬೇರೆ ದಾರಿ ಇರಲಿಲ್ಲವೇ? ಸರಕಾರದ ಕುಟುಂಬ ಯೋಜನೆಯ ಕ್ಲಿನಿಕ್ ಇತ್ತು. ಆದರೆ ಅದರ ಮೆಟ್ಟಿಲು ಹತ್ತಿದವರು ಇಗರ್ಜಿಯ ಮೆಟ್ಟಿಲು ಹತ್ತುವುದು ಬೇಡ ಎಂದು ಪಾದ್ರಿಗಳು ಪ್ರಸಂಗದಲ್ಲೇ ಹೇಳಿದ್ದರು. ಹಾಗಾದರೆ ಬಾಯಿಬಿಟ್ಟು 'ಬೇಡ' ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಿ, ನಮ್ಮ ಕಡೆಯ ಸೊಸೆಯಂದಿರ ಬಾಯಲ್ಲಿ ಆ ಶಬ್ದ ಮೀನು ಮಾರುವವಳ ಜೊತೆ ಮಾತ್ರ ಬಳಕೆಯಲ್ಲಿತ್ತು.

ಒಂದು ಸಂಜೆ ಹಿತ್ತಿಲಿನಲ್ಲಿ ಲಿಲ್ಲಿಯ ಬಟ್ಟೆ ಹಿಂಡುತ್ತಿದ್ದ ಮಾಮಿ ಇದ್ದಕ್ಕಿದ್ದ ಹಾಗೆ ನನ್ನ ಹತ್ತಿರ ಹೇಳಿದಳು: "ಹೆಂಗಸರಿಗೆ ಸಾಯ್ಲಿಕ್ಕೆ ಭಯ ಇರುವುದಿಲ್ಲ ಅಂತ ಎಲ್ಲರೂ ಹೇಳ್ತಾರೆ. ನಂಗೆ ಉಂಟು ಮಾರಾಯ್ತಿ."

ಅಷ್ಟೇ. ಮತ್ತೆ ಬಟ್ಟೆ ಹಿಂಡಿದಳು.

ಇನ್ನು 'ತೇರ್ಸ್' ಎಂದರೇನು ಎಂದು ಹೇಳಬೇಕು. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಆಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ಕೂತು ಜಪಸರ ಹೇಳುವುದು. ಜಪ ಮುಗಿದ ಮೇಲೆ ಬೇಡಿಕೆಗಳು. ಮನೆಯ ಹೆಂಗಸು ಒಂದೊಂದಾಗಿ ಹೇಳುತ್ತಾಳೆ: ಊರಿಗೆ ಮಳೆ ಬರಲಿ, ಹಡಗಿಗೆ ಹೋದವರು ಕ್ಷೇಮವಾಗಿರಲಿ, ಸತ್ತವರ ಆತ್ಮಕ್ಕೆ ಶಾಂತಿ ಸಿಗಲಿ. ಪ್ರತಿಯೊಂದಕ್ಕೂ ಎಲ್ಲರೂ 'ಆಮೆನ್' ಎನ್ನಬೇಕು. ಹರಕೆ ಹೊರುವುದಿದ್ದರೂ ಅಲ್ಲೇ, ಆಗಲೇ. ಮನೆಯವರ ಆಮೆನ್ ಬಿದ್ದ ಹರಕೆ ಇಡೀ ಮನೆಯದ್ದಾಗುತ್ತದೆ. ಅದನ್ನು ಮುರಿದರೆ ಎಲ್ಲರ ತಲೆಗೂ ಬರುತ್ತದೆ ಎಂಬುದು ನಮ್ಮಲ್ಲಿ ನಂಬಿಕೆ.

ಹೊತ್ತು ಮುಳುಗಿ, ಹೊಟ್ಟೆ ಹಸಿದು, ಅಡುಗೆ ಮನೆಯಿಂದ ಮೀನಿನ ಗಸಿಯ ಪರಿಮಳ ಬರುತ್ತಿರುವಾಗ ಯಾರು ತಾನೆ ಬೇಡಿಕೆಗಳನ್ನು ಕಿವಿಗೊಟ್ಟು ಕೇಳುತ್ತಾರೆ? ಧ್ವನಿ ಇಳಿಯಿತೋ, ಆಮೆನ್. ಮಾರ್ಸೆಲ್ ಮಾಮನಂತೂ ಈಸಿಚೇರಿನಲ್ಲಿ ಕೂತು ಮೊದಲ ಹತ್ತು ಮಣಿ ದಾಟುವುದರೊಳಗೆ ಗೊರಕೆ ಶುರುಮಾಡುತ್ತಿದ್ದರು. ಆದರೆ ಸರಿಯಾದ ಜಾಗದಲ್ಲಿ ಗೊರಕೆ ನಿಲ್ಲುತ್ತಿತ್ತು, 'ಆಮೆನ್' ಬರುತ್ತಿತ್ತು, ಗೊರಕೆ ಮುಂದುವರಿಯುತ್ತಿತ್ತು.

ಬಟ್ಟೆ ಹಿಂಡಿದ ಆ ವಾರದಲ್ಲೇ ಒಂದು ದಿನ, ಮಳೆ ಮತ್ತು ಹಡಗುಗಳ ನಂತರ, ಮಾಮಿ ಅದೇ ಧ್ವನಿಯಲ್ಲಿ ಹೇಳಿದಳು: "ನನ್ನ ಅತ್ತೆಯ ಮೊಣಕಾಲು ನೋವು ಪೂರ್ತಿ ಗುಣವಾಗುವ ತನಕ ನಾನು ಆಲ್ತಾರಿನ ಮುಂದೆ ನೆಲದಲ್ಲಿ ಚಾಪೆ ಹಾಸಿ ಒಬ್ಬಳೇ ಮಲಗುತ್ತೇನೆ, ಶುದ್ಧವಾಗಿ ಇರುತ್ತೇನೆ ಅಂತ ಹರಕೆ ಹೊರುತ್ತೇನೆ."

"ಆಮೆನ್" ಎಂದೆವು ಮಕ್ಕಳು. "ಆಮೆನ್" ಎಂದಳು ಅಜ್ಜಿ, ಕಣ್ಣಲ್ಲಿ ನೀರು ತಂದುಕೊಂಡು. ಸೊಸೆಯೊಬ್ಬಳು ಅತ್ತೆಯ ಮೊಣಕಾಲಿಗೆ ಹರಕೆ ಹೊತ್ತ ಸುದ್ದಿ ಬೋಳಾರದಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಈಸಿಚೇರಿನ ಗೊರಕೆ ನಿಂತಿತು. "ಆಮೆನ್." ಮುಂದುವರಿಯಿತು.

ಅಜ್ಜಿಯ ಮೊಣಕಾಲಿನ ಬಗ್ಗೆ ಎರಡು ಮಾತು. ಅದು ನನ್ನ ತಾಯಿಯ ಮದುವೆಗೂ ಮೊದಲಿನ ನೋವು. ಎಣ್ಣೆ, ಕಷಾಯ, ಸೂಜಿ, ಪುಣ್ಯಕ್ಷೇತ್ರ ಎಲ್ಲವನ್ನೂ ಸೋಲಿಸಿ ನಿಂತಿತ್ತು. ಅದು ಗುಣವಾಗುವ ಸಂಭವ, ನೇತ್ರಾವತಿ ಹಿಂದಕ್ಕೆ ಹರಿಯುವ ಸಂಭವಕ್ಕಿಂತ ತುಸು ಕಡಿಮೆ.

ಅಂದು ಮಲಗುವ ಮೊದಲು ನಾನು ಕೇಳಿದೆ: "ಮಾಮಿ, ಇದು ನಿಜವಾಗಿ ಅಜ್ಜಿಯ ಮೊಣಕಾಲಿಗಾ?"

"ನಿನ್ನ ಡಿಬೇಟಿಗೆ ಪಾಯಿಂಟ್ ಬೇಕಾದರೆ ಬೇರೆ ಕಡೆ ಹುಡುಕು. ಈಗ ಚಾಪೆಯ ಆ ತುದಿ ಹಿಡಿ."

ತಿಂಗಳುಗಳು ಕಳೆದವು. ಮಾಮಿಯ ಮುಖಕ್ಕೆ ಬಣ್ಣ ಮರಳಿತು. ಪಕ್ಕದ ಶಾಲೆಯಲ್ಲಿ ಟೀಚರ್ ಬೇಕಂತೆ ಎಂಬ ಮಾತು ಊಟದ ಹೊತ್ತಿಗೆ ಒಂದೆರಡು ಸಲ ಬಂದು ಹೋಯಿತು. ಅಜ್ಜಿ ಮೊದಮೊದಲು ಹರಕೆಯ ಸೊಸೆಯನ್ನು ಊರಿಗೆಲ್ಲ ಹೊಗಳಿದಳು. ಆಮೇಲೆ ಹೊಗಳಿಕೆ ಕಡಿಮೆಯಾಯಿತು. ಆಮೇಲೆ ಒಂದು ದಿನ ಅಂಗಳದಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದವಳ ಕೈ ಅಲ್ಲೇ ನಿಂತಿತು. ಕಣ್ಣು ಚಾಪೆಯ ಕಡೆ ಹೋಯಿತು, ಟೈಟಸನ ಕಡೆ ಹೋಯಿತು, ಮೊಣಕಾಲಿಗೆ ವಾಪಸು ಬಂತು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ತರ್ಕಕ್ಕೆ ಅಕ್ಷರ ಬೇಡ.

ಮುಂದಿನ ಆದಿತ್ಯವಾರ ಪವಾಡ ನಡೆಯಿತು. ಅಜ್ಜಿ ಊರುಗೋಲನ್ನು ಬಾಗಿಲ ಮೂಲೆಯಲ್ಲೇ ಬಿಟ್ಟು, ಇಗರ್ಜಿಯ ಏರನ್ನು ತಾನಾಗಿ ಹತ್ತಿದಳು. ಇಡೀ ಪೂಜೆ ಬರೀ ನೆಲದಲ್ಲಿ ಮೊಣಕಾಲೂರಿದಳು. ಎಲ್ಲರೂ ಕೂತಾಗಲೂ ಅವಳು ಕೂರಲಿಲ್ಲ. ನತಾಲ್ ಬಾಯಿ ಎರಡು ಸಲ ಶಿಲುಬೆಯ ಗುರುತು ಮಾಡಿಕೊಂಡರು. ಮನೆಗೆ ಬಂದು ಅಜ್ಜಿ ಘೋಷಿಸಿದಳು: "ಗುಣ ಆಯ್ತು. ಪೂರ್ತಿ. ದೇವರಿಗೆ ಸ್ತೋತ್ರ. ಸೆವ್ರಿನ್, ಇನ್ನು ಆ ಚಾಪೆ ಸುತ್ತಿಡು."

ಆಮೇಲೆ ಮಂಚಕ್ಕೆ ಬಿದ್ದವಳು ಮಧ್ಯಾಹ್ನದ ತನಕ ಏಳಲಿಲ್ಲ. ನರಳಿದರೆ ಗುಟ್ಟು ರಟ್ಟಾಗುತ್ತದಲ್ಲ, ಅದಕ್ಕೆ ನರಳಾಟವನ್ನೇ ಇಗರ್ಜಿಯ ಹಾಡಿನ ರಾಗಕ್ಕೆ ಹೊಂದಿಸಿ ಹಾಡುತ್ತಿದ್ದಳು. ಮಾಮಿ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದಳು.

"ಅತ್ತೆ, ಎಣ್ಣೆ ಹಚ್ಚಲಾ?"

"ಎಂತಕ್ಕೆ? ಗುಣ ಆಗಿದೆಯಲ್ಲ."

"ಹೌದಲ್ವಾ, ನಂಗೆ ಮರೆತೇ ಹೋಯ್ತು" ಎಂದು ಮಾಮಿ ಬಟ್ಟಲನ್ನು ವಾಪಸು ತೆಗೆದುಕೊಂಡು ಹೋದಳು. ಹಾಡಿನ ಶ್ರುತಿ ಒಂದು ಮನೆ ಏರಿತು.

ಆ ಸಂಜೆಯ ತೇರ್ಸಿಗೆ ಅಜ್ಜಿ ಗೆದ್ದವಳ ಹಾಗೆ ಕೂತಿದ್ದಳು. ಮಾಮಿ ಹೇಳಿದಳು: "ಅತ್ತೆಯ ಮೊಣಕಾಲು ಗುಣ ಮಾಡಿದ್ದಕ್ಕೆ ದೇವರಿಗೆ ಸ್ತೋತ್ರ. ನನ್ನ ಹರಕೆ ತೀರಿತು." ಆಮೆನ್. ಅಜ್ಜಿ ಈಸಿಚೇರಿನ ಕಡೆ ಒಮ್ಮೆ ನೋಡಿದಳು. ಮಾಮಿ ಉಸಿರು ತೆಗೆದುಕೊಂಡಳು. "ಚಿಕ್ಕದು ಬೇಡಿದೆ, ಕೊಟ್ಟಿ. ಇನ್ನು ದೊಡ್ಡದು ಬೇಡುತ್ತೇನೆ. ಈ ಮನೆಯಿಂದ ಒಬ್ಬ ಪಾದ್ರಿ—"

"ಆಮೆನ್!" ಎಂದಳು ಅಜ್ಜಿ, ವಾಕ್ಯ ಮುಗಿಯುವ ಮೊದಲೇ, ಎಲ್ಲರಿಗಿಂತ ಗಟ್ಟಿಯಾಗಿ. ಎಷ್ಟೋ ವರ್ಷದಿಂದ ಈ ಮನೆಯಿಂದ ಒಬ್ಬ ಪಾದ್ರಿ ಎಂದು ಯಾರು ಹೇಳಿದರೂ ಅವಳ ಬಾಯಿಂದ ಅದು ತಾನಾಗಿ ಬರುತ್ತಿತ್ತು.

"—ಆಗುವ ತನಕ ಮೊದಲಿನ ಹಾಗೆಯೇ ಚಾಪೆಯಲ್ಲಿ ಒಬ್ಬಳೇ ಮಲಗುತ್ತೇನೆ" ಎಂದು ಮಾಮಿ ವಾಕ್ಯ ಮುಗಿಸಿದಳು.

ಈಸಿಚೇರಿನಿಂದ ಬಂತು: "ಆಮೆನ್."

ಓದುಗ ಮಹಾಶಯರೇ, ಆಮೇಲೆ ನಾನು ಎಷ್ಟೋ ವೇದಿಕೆ ಹತ್ತಿದ್ದೇನೆ, ಇಂಥ ಪಟ್ಟು ಎಲ್ಲೂ ನೋಡಿಲ್ಲ. ಪಾದ್ರಿ ಬೇಕೆಂದು ಅಜ್ಜಿಗೆ ಇನ್ನೊಬ್ಬ ಮೊಮ್ಮಗ ಬೇಕು. ಪಾದ್ರಿ ಬೇಕೆಂದೇ ಮಾಮಿಗೆ ಇನ್ನೊಬ್ಬ ಮಗ ಆಗುವ ಹಾಗಿಲ್ಲ. ಉಳಿದವನು ಟೈಟಸ್. ಅವನಾಗ ಮೂಗಿನಲ್ಲಿ ಹುಣಿಸೆಬೀಜ ಸಿಕ್ಕಿಸಿಕೊಂಡು ಅಳುವ ಪ್ರಾಯದವನು. ಅವನು ಪಾದ್ರಿಯಾಗುವುದೇ ಆದರೂ, ಅಷ್ಟರಲ್ಲಿ ಮಾಮಿಗೆ ಹೆರುವ ಕಾಲವೇ ದಾಟಿರುತ್ತದೆ.

ಅಜ್ಜಿ ಸುಲಭಕ್ಕೆ ಬಿಡುವವಳಲ್ಲ. ಅದೇ ವಾರ ಪಾದ್ರಿಗಳನ್ನು ಮನೆಗೆ ಕರೆಸಿದಳು. ಅವರು ಜಗಲಿಯಲ್ಲಿ ಕೂತು ಕಾಫಿ ಕುಡಿದರು, ಹಲಸಿನ ಹಪ್ಪಳವನ್ನು ಶಬ್ದವಾಗದ ಹಾಗೆ ಮುರಿದರು. ನಾನು ಬಾಗಿಲ ಸಂದಿಯಲ್ಲಿ.

"ಸೆವ್ರಿನ್, ಪ್ರಾರ್ಥನೆ ಒಳ್ಳೆಯದೇ. ಆದರೆ ಎಲ್ಲದಕ್ಕೂ ಒಂದು ಮಿತಿ ಉಂಟಲ್ವಾ?"

"ಎಷ್ಟು ಮಿತಿ ಫಾದರ್? ಹೇಳಿ, ಅದಕ್ಕಿಂತ ಹೆಚ್ಚು ಪ್ರಾರ್ಥನೆ ಮಾಡುವುದಿಲ್ಲ."

ಪಾದ್ರಿಗಳು ಹಪ್ಪಳ ನೋಡಿದರು.

"ಹೋದ ಆದಿತ್ಯವಾರ ನೀವೇ ಹೇಳಿದ್ದು" ಎಂದಳು ಮಾಮಿ, ಟೀಚರ್ ಧ್ವನಿಯಲ್ಲಿ, "ಪಾದ್ರಿಗಳು ಸಾಲುವುದಿಲ್ಲ, ಮನೆಮನೆಯವರು ತ್ಯಾಗ ಮಾಡಬೇಕು ಅಂತ. ನಾನು ಮಾಡ್ತಾ ಇದ್ದೇನೆ."

"ಪಾಯಿಂಟ್!" ಎಂದೆ ನಾನು ಸಂದಿಯಿಂದ. ಅಜ್ಜಿ ನನ್ನನ್ನು ಅಡುಗೆ ಮನೆಗೆ ಅಟ್ಟಿದಳು. ನಾನು ಹೋಗಿ ಇನ್ನೊಂದು ಸಂದಿಗೆ ಬಂದೆ.

ಪಾದ್ರಿಗಳಿಗೆ ಅಷ್ಟರಲ್ಲಿ ದಾರಿ ಸಿಕ್ಕಿತ್ತು. "ನೋಡು, ಗಂಡ ಒಪ್ಪದೆ ಹೆಂಡತಿ ಇಂಥ ಹರಕೆ ಹೊತ್ತರೆ ಅದು ಹರಕೆಯೇ ಅಲ್ಲ. ಮಾರ್ಸೆಲ್, ನೀನು ಒಪ್ಪಿದ್ದೀಯಾ?"

ಮಾಮಿ ಕಾಫಿಯ ಲೋಟ ಕೆಳಗಿಟ್ಟು ಮಾಮನ ಕಡೆ ತಿರುಗಿದಳು. ಮಾಮ 'ಇಲ್ಲ' ಎಂದರೆ ಆಯಿತು, ಚಾಪೆ ಅಟ್ಟಕ್ಕೆ, ಮಾಮಿ ಒಳಕೋಣೆಗೆ, ಅಲ್ಲಿಂದ ಲೇಡಿ ಡಾಕ್ಟರು ಹೇಳಿದ ಜಾಗಕ್ಕೆ.

ಮಾಮ ಗಂಟಲು ಸರಿಮಾಡಿಕೊಂಡರು. "ಆಮೆನ್ ಹೇಳಿದ್ದೇನಂತೆ, ಫಾದರ್."

"ಅಂತೆ ಅಂದರೆ ಎಂತ?"

"ನಿದ್ದೆಯಲ್ಲಿದ್ದೆ."

"ಅದೇ ನೋಡಿ!" ಅಜ್ಜಿ ಎದ್ದೇಬಿಟ್ಟಳು, ಗುಣವಾದ ಮೊಣಕಾಲು ಹಿಡಿದುಕೊಂಡು. "ನಿದ್ದೆಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ."

ಮಾಮ ಉಪ್ಪಿನ ಭರಣಿ ನೋಡುವ ಹಾಗೆ ಅಂಗಳವನ್ನು ನೋಡುತ್ತ ಹೇಳಿದರು: "ಅಮ್ಮ, ನಾನು ಸಣ್ಣಂದಿನಿಂದ ಎಲ್ಲ ಆಮೆನ್ ನಿದ್ದೆಯಲ್ಲೇ ಹೇಳಿದ್ದು. ಇದು ಲೆಕ್ಕಕ್ಕಿಲ್ಲ ಅಂದರೆ ಅದೆಲ್ಲ ಎಂತ ಆಗ್ತದೆ? ಅಪ್ಪನ ಆತ್ಮಕ್ಕೆ ದಿನಾ ಹೇಳಿದ್ದೂ ಹೋಯ್ತಲ್ಲ."

ಅಜ್ಜಿ ಕೂತಳು. ಅಜ್ಜನನ್ನು ಸ್ವರ್ಗದ ಬಾಗಿಲಿನಿಂದ ಹೊರಗೆ ಹಾಕಿಸುವ ಧೈರ್ಯ ಅವಳಿಗೆ ಇರಲಿಲ್ಲ. ಪಾದ್ರಿಗಳಿಗೆ ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದರು, ಕಣ್ಣೊರಸಿಕೊಂಡರು. "ಹರಕೆ ನಡೀಲಿ" ಎಂದು ಎದ್ದು ಹೋದರು.

ಕಥೆಯ ಉಳಿದದ್ದು ಸ್ವಲ್ಪ. ಮಾಮಿ ಶಾಲೆಗೆ ಸೇರಿದಳು. ಈಗ ಬೋಳಾರದ ಅರ್ಧ ಮಕ್ಕಳಿಗೆ ಮಗ್ಗಿ ಕಲಿಸಿದವಳು ಅವಳೇ. ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತು, ಕೊನೆಯ ತನಕ ಮೊಣಕಾಲು ಗುಣವಾಗಿದೆ ಎಂದೇ ಹೇಳುತ್ತಿದ್ದಳು. ಟೈಟಸನಿಗೆ ಪಣಂಬೂರಿನಲ್ಲಿ ಕಟ್ಟುತ್ತಿರುವ ಹೊಸ ಬಂದರಿನ ಕ್ರೇನುಗಳ ಮೇಲೆ ಮನಸ್ಸು. ಸೆಮಿನರಿ ಎಂದರೆ ಊಟ ಬಿಟ್ಟು ಏಳುತ್ತಾನೆ. ಹಾಗಾಗಿ ಹರಕೆ ಇನ್ನೂ ನಡೆಯುತ್ತಿದೆ. ಮಳೆಗಾಲದಲ್ಲಿ ಆ ನೆಲ ತೇವ ಬಿಡುತ್ತದೆ. ಮಾಮಿ ಈಗ ಬೆಳಿಗ್ಗೆ ಏಳುವಾಗ ಮೊದಲು ಒಂದು ಕೈ ನೆಲಕ್ಕೆ, ಒಂದು ಕೈ ಸೊಂಟಕ್ಕೆ ಊರುತ್ತಾಳೆ.

ಇದನ್ನು ನಾನು ಕಾಲೇಜಿನ ಡಿಬೇಟುಗಳಲ್ಲಿ, ಹೆಸರು ಬಿಟ್ಟು, ಎಷ್ಟೋ ಸಲ ಹೇಳಿ ಗೆದ್ದಿದ್ದೇನೆ. ಒಬ್ಬ ಹೆಂಗಸು ಒಂದು ಕಡೆ. ಅತ್ತೆ, ಪಾದ್ರಿ, ಗಂಡ ಇನ್ನೊಂದು ಕಡೆ. ಅವಳು ಒಬ್ಬಳೇ ಮೂವರನ್ನೂ ಮುಗಿಸಿದಳು. ಮಾಮನ ಉತ್ತರವನ್ನು ಪೆದ್ದನ ಬಾಯಲ್ಲಿ ಆಕಸ್ಮಿಕವಾಗಿ ಬಂದ ತರ್ಕ ಎಂದು ಹೇಳಿ ಸಭೆಯನ್ನು ನಗಿಸುತ್ತಿದ್ದೆ. ಮೊನ್ನೆ ಗೋಡೆಯ ಹತ್ತಿರ ನತಾಲ್ ಬಾಯಿಗೂ ಹಾಗೇ ಹೇಳಿ, ದೇವರಿಗೆ ಇದರಲ್ಲಿ ಪಾಲು ಇಲ್ಲ ಎಂದು ವಾದಿಸಿ, ಗೆದ್ದ ಹುಮ್ಮಸ್ಸಿನಲ್ಲೇ ಮನೆಗೆ ಬಂದೆ.

ಆ ಸಂಜೆಯ ತೇರ್ಸಿಗೆ ನಾನೂ ಕೂತೆ, ಮಾಮಿಯ ಮುಖ ನೋಡಿ. ಅಜ್ಜಿ ಹೋದ ಮೇಲೆ ಜಪ ನಡೆಸುವುದು ಲಿಲ್ಲಿಯಂತೆ. ಅಜ್ಜಿಯ ಕಾಲದಲ್ಲಿ ಒಂದು ಮಣಿ ತಪ್ಪಿಸುವ ಧೈರ್ಯವೂ ಯಾರಿಗೂ ಇರಲಿಲ್ಲ; ಈ ಹುಡುಗಿ ಹೊರಗೆ ಆಟಕ್ಕೆ ಗೆಳತಿಯರು ಕಾಯುತ್ತಿದ್ದಾರೆಂದು ಸದ್ದಿಲ್ಲದೆ ಎರಡು ಮಣಿ ಹಾರಿಸಿ ಮುಂದೆ ಹೋದಳು. ನಾನು ಗಮನಿಸಿರಲಿಲ್ಲ. ಮಾಮಿಯೂ ಇಲ್ಲ.

ಈಸಿಚೇರಿನ ಗೊರಕೆ ನಿಂತಿತು. ಕಣ್ಣು ಮುಚ್ಚಿಯೇ ಇತ್ತು.

"ಲಿಲ್ಲಿ, ಎರಡು ಮಣಿ ನುಂಗಿದಿ. ಹಿಂದೆ ಹೋಗು."

ಗೊರಕೆ ಮುಂದುವರಿಯಿತು.

"ಡ್ಯಾಡಿಯದ್ದು ಯಾವಾಗಲೂ ಹೀಗೇ" ಎಂದು ಲಿಲ್ಲಿ ಗೊಣಗಿದಳು. "ಗೊರಕೆ ಹೊಡೆಯುತ್ತಲೇ ಎಲ್ಲ ಕೇಳ್ತಾರೆ."

ನಾನು ಮಾಮಿಯ ಕಡೆ ತಿರುಗಿದೆ. ಅವಳು ಜಪಸರವನ್ನೇ ನೋಡುತ್ತಿದ್ದಳು. ಬಹಳ ಗಮನವಿಟ್ಟು ನೋಡುತ್ತಿದ್ದಳು, ಮಣಿಗಳನ್ನು ಮೊದಲ ಸಲ ಕಂಡವಳ ಹಾಗೆ.

ಮುಂದಿನ ಜಪವೆಲ್ಲ ನನ್ನ ಕಿವಿಗೆ ಬೀಳಲಿಲ್ಲ. ನನ್ನ ಮೂವರು ಎದುರಾಳಿಗಳಲ್ಲಿ ಒಬ್ಬ, ಇಷ್ಟು ವರ್ಷಗಳ ನಂತರ, ಕುರ್ಚಿ ಎತ್ತಿಕೊಂಡು ನಮ್ಮ ಕಡೆಗೆ ಬಂದು ಕೂತಿದ್ದ. ಸಂತೋಷಪಡಬೇಕಿತ್ತು. ಒಂದು ನಿಮಿಷ ಪಟ್ಟೆ ಕೂಡ. ಜಗಲಿಯ ಆ ಮಾತು ಆಕಸ್ಮಿಕವಲ್ಲ, ಪೆದ್ದನದ್ದೂ ಅಲ್ಲ ಎಂದು ಒಪ್ಪಿಕೊಂಡೆ. ಆದರೆ ಡಿಬೇಟಿನ ಬುದ್ಧಿ ಸುಮ್ಮನಿರುವುದಿಲ್ಲ. ನಮ್ಮ ಕಡೆಗೆ ಬಂದು ಕೂತವನನ್ನೂ ಪ್ರಶ್ನಿಸುವ ಹಕ್ಕು ನನಗೆ ಉಂಟಲ್ಲ.

ಜಪ ಮುಗಿಯಿತು. ಮಕ್ಕಳು ಹೊರಗೆ ಓಡಿದರು. ಮಾಮಿ ಅಡುಗೆ ಮನೆಗೆ ಹೋಗಲು ಒಂದು ಕೈ ನೆಲಕ್ಕೆ ಊರಿ ಎದ್ದಳು. ಮಾಮ ಕಣ್ಣು ಬಿಟ್ಟು ಅವಳು ಏಳುವುದನ್ನು ನೋಡುತ್ತಿದ್ದರು. ನಾನು ಈಸಿಚೇರಿನ ಹತ್ತಿರ ಹೋಗಿ ಕೂತೆ.

"ಮಾಮಾ, ನೀವು ಅಂದು ಎಚ್ಚರವಾಗಿಯೇ ಇದ್ದಿರಿ ಅಂತಾದರೆ, ಮಾಮಿ ಇಷ್ಟು ವರ್ಷ ನೆಲದಲ್ಲಿ ಮಲಗಿ ದೇವರ ಹೆಸರಿನಲ್ಲಿ ಹೇಳಿದ 'ಬೇಡ' ಎಂಬ ಮಾತನ್ನು ನೀವು ನಿಮ್ಮ ತಾಯಿಗೆ ನಿಮ್ಮ ಹೆಸರಿನಲ್ಲಿ ಯಾಕೆ ಹೇಳಲಿಲ್ಲ?"